ಸಿಸಿಎನ್‌ಎ ಅಭ್ಯಾಸ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಸಿಸ್ಕೋ ಸಂಸ್ಥೆಯ ಸಿಸಿಎನ್‌ಎ ಎಂಬ ಕಂಪ್ಯೂಟರ್ ಜಾಲಗಳ ಪ್ರಮಾಣಪತ್ರ ಪರೀಕ್ಷೆಗೆ ಸಿದ್ಧರಾಗುತ್ತಿರುವವರು ಮುಂದಿನ ಎರಡು ವಾರಗಳನ್ನು ಮುಖ್ಯವಾಗಿ ಸಬ್‌ನೆಟ್ಟಿಂಗ್‌ಗೆ, ಅಂದರೆ ದೊಡ್ಡ ಜಾಲವನ್ನು ಚಿಕ್ಕ ಜಾಲಗಳಾಗಿ ಒಡೆಯುವ ಲೆಕ್ಕಕ್ಕೆ, ಮೀಸಲಿಡಬೇಕೆಂದು ಕೋರುತ್ತೇನೆ. 120 ನಿಮಿಷಗಳ ಈ ಪರೀಕ್ಷೆಯಲ್ಲಿ ಮುಂದಿನ ಪ್ರಶ್ನೆಗೆ ಹೋದ ಮೇಲೆ ಹಿಂದಿನದಕ್ಕೆ ಮರಳುವ ಅವಕಾಶವಿಲ್ಲದ ಕಾರಣ, ಲೆಕ್ಕದಲ್ಲಿ ವೇಗವಿಲ್ಲದವರು ವಿಷಯ ಗೊತ್ತಿದ್ದೂ ಸಮಯ ಕಳೆದುಕೊಳ್ಳುತ್ತಾರೆ.

ಉದಾಹರಣೆಗೆ, 192.168.10.77/26 ಎಂಬ ವಿಳಾಸ ಯಾವ ಜಾಲಕ್ಕೆ ಸೇರಿದೆ ಎಂದು ಕೇಳಿದರೆ, /26 (ವಿಳಾಸದ 32 ಬಿಟ್‌ಗಳಲ್ಲಿ ಮೊದಲ 26 ಜಾಲವನ್ನು ಸೂಚಿಸುತ್ತವೆ) ಎಂದರೆ 64 ವಿಳಾಸಗಳ ತುಂಡುಗಳು ಎಂಬುದು ಕೂಡಲೇ ಹೊಳೆಯಬೇಕು. ಜಾಲದ ವಿಳಾಸ 64ರಲ್ಲಿ ಕೊನೆಗೊಳ್ಳುತ್ತದೆ, ಜಾಲದ ಎಲ್ಲ ಸಾಧನಗಳಿಗೂ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ವಿಳಾಸ 127ರಲ್ಲಿ. ಅವೆರಡನ್ನು ಬಿಟ್ಟು ಉಳಿಯುವ 62 ವಿಳಾಸಗಳನ್ನಷ್ಟೇ ಸಾಧನಗಳಿಗೆ ಕೊಡಬಹುದು. ಇಂತಹ ಹತ್ತು ಲೆಕ್ಕಗಳನ್ನು ದಿನವೂ ಕಾಗದದ ಮೇಲೆ ಮಾಡಿರಿ. ನಾನು ಮೊದಲು ಮಾಸ್ಕ್‌ಗಳ (ವಿಳಾಸದಲ್ಲಿ ಜಾಲದ ಭಾಗ ಎಷ್ಟೆಂದು ತಿಳಿಸುವ ಸಂಖ್ಯೆಗಳ) ಪಟ್ಟಿಯನ್ನೇ ಉರು ಹೊಡೆದಿದ್ದೆ. ಪ್ರಶ್ನೆಯ ರೂಪ ತುಸು ಬದಲಾದೊಡನೆ ಅದು ಕೈಕೊಟ್ಟಿತು.

ಈ ಪರೀಕ್ಷೆಯ (ಸಂಕೇತ 200-301) ಪಠ್ಯಕ್ರಮದಲ್ಲಿ ಅತಿ ಹೆಚ್ಚಿನ ಪಾಲು, ಅಂದರೆ ಶೇ. 25, ಐಪಿ ಸಂಪರ್ಕ ವಿಭಾಗಕ್ಕಿದೆ. ಇಲ್ಲಿ ಹಲವರು ಎಡವುವುದು ರೂಟಿಂಗ್ ಟೇಬಲ್ (ಯಾವ ಜಾಲಕ್ಕೆ ಯಾವ ಮಾರ್ಗ ಎಂಬ ರೂಟರ್‌ನ ಪಟ್ಟಿ) ಓದುವಾಗ. ಪ್ಯಾಕೆಟ್ (ದತ್ತಾಂಶದ ತುಣುಕು) ಕಳುಹಿಸುವಾಗ ರೂಟರ್ ನೋಡುವುದು ಅತಿ ಉದ್ದನೆಯ ಪ್ರಿಫಿಕ್ಸ್‌ನ (ವಿಳಾಸದ ಆರಂಭದ ಜಾಲ ಭಾಗದ) ಹೊಂದಾಣಿಕೆಯನ್ನು. ಕೈಯಾರೆ ಬರೆದ ಸ್ಥಿರ ಮಾರ್ಗಕ್ಕೆ 1, ರೂಟರ್‌ಗಳು ತಾವೇ ಮಾರ್ಗ ಕಲಿಯುವ ಓಎಸ್‌ಪಿಎಫ್‌ಗೆ 110 ಎಂಬ ಅಡ್ಮಿನಿಸ್ಟ್ರೇಟಿವ್ ಡಿಸ್ಟನ್ಸ್ (ಕಡಿಮೆಯಿದ್ದಷ್ಟು ಹೆಚ್ಚು ನಂಬಿಕೆ) ಲೆಕ್ಕಕ್ಕೆ ಬರುವುದು ಒಂದೇ ಪ್ರಿಫಿಕ್ಸ್‌ಗೆ ಬೇರೆ ಬೇರೆ ಮೂಲಗಳಿಂದ ಮಾರ್ಗ ದೊರೆತಾಗ ಮಾತ್ರ.

ವಿಎಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಪ್ರತ್ಯೇಕಿಸಿದ ಜಾಲ) ಮತ್ತು ಟ್ರಂಕ್‌ಗಳನ್ನು (ಹಲವು ವಿಎಲ್ಯಾನ್‌ಗಳನ್ನು ಸಾಗಿಸುವ ಕೊಂಡಿ) ಓದಿ ಕಲಿಯುವುದಕ್ಕಿಂತ ಉಚಿತವಾಗಿ ಸಿಗುವ ಪ್ಯಾಕೆಟ್ ಟ್ರೇಸರ್ ಎಂಬ ಸಿಸ್ಕೋ ಜಾಲ-ಅನುಕರಣೆ ತಂತ್ರಾಂಶದಲ್ಲಿ ಕಟ್ಟಿ, ಬೇಕೆಂದೇ ಕೆಡಿಸಿ, ಸರಿಪಡಿಸುವುದು ಲೇಸು.

ಸೋರಿಕೆಯಾದ ಪ್ರಶ್ನೆಗಳ ಕಡತಗಳನ್ನು ಬಳಸುವುದು ಪರೀಕ್ಷಾ ಒಪ್ಪಂದಕ್ಕೆ ವಿರುದ್ಧವಾದ್ದರಿಂದ, ಅವನ್ನು ದಯವಿಟ್ಟು ಈ ಗುಂಪಿನಲ್ಲಿ ಹಂಚಬೇಡಿರಿ.