ಲ್ಯಾಬಿನಿಂದ ನಸ್ಸಾವ್ ಹಾಲ್‌ಗೆ

ಆತ್ಮೀಯ ಓದುಗರೇ,

ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲಿ ಇದು ಕಾಲೇಜು ಅರ್ಜಿಗಳ ಕಾಲ. ಪ್ರಿನ್ಸ್‌ಟನ್ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ. ಆದರೆ 2001ರಿಂದ 2013ರವರೆಗೆ ಆ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ, ಅಧ್ಯಕ್ಷರ ಕಚೇರಿಯಿರುವ ನಸ್ಸಾವ್ ಹಾಲ್ ಕಟ್ಟಡದಲ್ಲಿ ಕೂತಿದ್ದ ಶರ್ಲಿ ಟಿಲ್ಗ್‌ಮನ್ ಅವರ ಮಾತು ನಮ್ಮ ನಡುವೆ ಬರುವುದೇ ಕಡಿಮೆ. ನಾನು ತುಂಬ ಗೌರವಿಸುವ ವಿಜ್ಞಾನಿ ಅವರು.

ಹುಟ್ಟಿದ್ದು 1946ರಲ್ಲಿ, ಟೊರಾಂಟೊದಲ್ಲಿ. ಓದಿದ್ದು ರಸಾಯನಶಾಸ್ತ್ರ. ಪದವಿ ಮುಗಿಸಿದವರು ಸೀದಾ ಪಿಎಚ್‌ಡಿಗೆ ಸೇರಲಿಲ್ಲ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋಗಿ ಎರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದರು. ಮಕ್ಕಳು ಒಂದು ವರ್ಷ ಬಿಡುವು ಕೇಳಿದರೂ ಕಂಗಾಲಾಗುವ ನಮ್ಮ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು. ಆಮೇಲೆ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್, 1986ರಲ್ಲಿ ಪ್ರಿನ್ಸ್‌ಟನ್.

ಅವರ ಲ್ಯಾಬಿನ ದೊಡ್ಡ ಕೆಲಸ ಇಲಿಗಳ ಮೇಲೆ ನಡೆಯಿತು. ಬಹುತೇಕ ಜೀನ್‌ಗಳು ನಮಗೆ ಜೋಡಿಯಾಗಿ ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಸಾಮಾನ್ಯವಾಗಿ ಎರಡೂ ಕೆಲಸ ಮಾಡುತ್ತವೆ. ಎಚ್19 ಎಂಬ ಜೀನ್‌ನಲ್ಲಿ ಹಾಗಲ್ಲ, ತಾಯಿಯಿಂದ ಬಂದದ್ದಷ್ಟೇ ಕೆಲಸ ಮಾಡುತ್ತದೆ ಎಂದು 1991ರಲ್ಲಿ ಅವರ ತಂಡ ತೋರಿಸಿತು. ಪಕ್ಕದಲ್ಲೇ ಇರುವ, ಭ್ರೂಣದ ಬೆಳವಣಿಗೆಗೆ ಬೇಕಾದ ಐಜಿಎಫ್2 ಜೀನ್‌ನಲ್ಲಿ ಇದು ಉಲ್ಟಾ: ಅಲ್ಲಿ ತಂದೆಯದೇ ನಡೆಯುವುದು. ಎಚ್19 ಪ್ರೋಟೀನನ್ನೂ ತಯಾರಿಸುವುದಿಲ್ಲ, ಜೀನ್‌ನ ನಕಲಾದ ಆರ್‌ಎನ್‌ಎ ಹಂತದಲ್ಲೇ ನಿಲ್ಲುತ್ತದೆ. ಆ ಕಾಲಕ್ಕೆ ಅದು ವಿಚಿತ್ರವೇ ಸರಿ.

ಹೊಸ ಅಧ್ಯಕ್ಷರನ್ನು ಹುಡುಕುವ ಸಮಿತಿಯಲ್ಲಿ ಅವರೂ ಸದಸ್ಯರಾಗಿದ್ದರು. ಉಳಿದವರು ಅವರನ್ನೇ ಅಭ್ಯರ್ಥಿಯಾಗಲು ಕೇಳಿದರು. 1746ರಲ್ಲಿ ಶುರುವಾಗಿ, 1969ರವರೆಗೂ ಪದವಿ ತರಗತಿಗಳಿಗೆ ಹುಡುಗಿಯರನ್ನೇ ಸೇರಿಸಿಕೊಳ್ಳದಿದ್ದ ಸಂಸ್ಥೆಗೆ ಹೀಗೆ ಮೊದಲ ಮಹಿಳಾ ಅಧ್ಯಕ್ಷರು ಸಿಕ್ಕಿದರು.

ಅವರ ಕಾಲದಲ್ಲಿ ಕಟ್ಟಡಗಳು ಎದ್ದವು, ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು 2005ರ ಒಂದು ನಿಯಮ. ಕೆಲಸ ಕಾಯಂ ಆಗುವ ಮುಂಚೆ ಮಗುವಾದರೆ ಪ್ರಾಧ್ಯಾಪಕರಿಗೆ ಕಾಯಂ ಆಗಲು ಅರ್ಹತೆ ತೋರಿಸುವುದಕ್ಕೆ ಒಂದು ವರ್ಷದ ಹೆಚ್ಚುವರಿ ಗಡುವು ತಾನಾಗಿಯೇ ಸಿಗುತ್ತದೆ, ತಾಯಿಯಾಗಲಿ ತಂದೆಯಾಗಲಿ. ಮೊದಲು ಅದನ್ನು ಕೇಳಿಕೊಳ್ಳಬೇಕಿತ್ತು; ಕೇಳಿದರೆ ಎಲ್ಲಿ ಹಗುರವಾಗಿ ಕಂಡಾರೋ ಎಂದು ಹಿಂಜರಿಯುವವರೇ ಹೆಚ್ಚು. ಲ್ಯಾಬ್ ನಡೆಸುತ್ತಲೇ ಇಬ್ಬರು ಮಕ್ಕಳನ್ನು ಒಬ್ಬರೇ ಬೆಳೆಸಿದ ಟಿಲ್ಗ್‌ಮನ್ ಅವರಿಗೆ ಆ ಕಷ್ಟವನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ಹುದ್ದೆ ಬಿಟ್ಟ ಮರುವರ್ಷ, ಇನ್ನೂ ಮೂವರು ಹಿರಿಯ ವಿಜ್ಞಾನಿಗಳ ಜೊತೆ ಸೇರಿ, ಅಮೆರಿಕದ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಪಡೆಯುವವರು ಹೆಚ್ಚು, ಅವರಿಗೆ ಕೆಲಸ ಕಡಿಮೆ ಎಂದು ನೇರವಾಗಿ ಬರೆದರು. ನಮ್ಮ ಸಂಘದಲ್ಲೂ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡುತ್ತಾ ವರ್ಷಗಟ್ಟಲೆ ಕಾಯುತ್ತಿರುವವರಿದ್ದಾರೆ. ನಿಮ್ಮ ಅನುಭವವನ್ನು ಕನ್ನಡದಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕಾಗಿಯೇ ಜಾಗ ಇಟ್ಟಿದ್ದೇವೆ.

– ಸಂಪಾದಕ