ಕಪ್ಪೆ ಕೂತಲ್ಲೇ ಚಿತ್ರ ತೆಗೆಯಬಹುದು

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಪುರವಣಿಗಳಲ್ಲೂ ಛಾಯಾಚಿತ್ರ ಸ್ಪರ್ಧೆಗಳಲ್ಲೂ ಪಶ್ಚಿಮ ಘಟ್ಟದ ಕಪ್ಪೆ, ಹಾವುಗಳ ಚಿತ್ರಗಳು ಬರತೊಡಗುತ್ತವೆ. ಅವುಗಳಲ್ಲಿ ಕೆಲವನ್ನು ಕಂಡ ಕೂಡಲೇ, ಇದು ಪ್ರಾಣಿಯನ್ನು ಹಿಡಿದು ತಂದು ಕೂರಿಸಿ ತೆಗೆದದ್ದು ಎಂದು ಈ ಕೆಲಸ ಬಲ್ಲವರಿಗೆ ಗೊತ್ತಾಗುತ್ತದೆ. ಒಂದರ ಬೆನ್ನೇರಿ ಒಂದು ಕೂತ ಮೂರು ಕಪ್ಪೆ, ಕಪ್ಪೆಯ ತಲೆಯ ಮೇಲೆ ಬಸವನಹುಳು, ರಾತ್ರಿ ಓಡಾಡುವ ಮರಗಪ್ಪೆ ನಡುಹಗಲಲ್ಲಿ ದಾಸವಾಳದ ಮೇಲೆ ಕಣ್ಣರಳಿಸಿ ಕೂತಿರುವುದು, ಇಂಥವು ಕಾಡಿನಲ್ಲಿ ತಾವಾಗಿ ಸಿಗುವ ನೋಟಗಳಲ್ಲ. ಮುಟ್ಟದೆ, ಜಾಗ ಬದಲಿಸದೆ ಒಳ್ಳೆಯ ಚಿತ್ರ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ಆ ಮಾತು ನಿಜವಲ್ಲ. ಮುಟ್ಟದೆ ತೆಗೆಯುವ ಬಗೆ ಹೇಗೆಂಬುದನ್ನು ಹೊಸ ಛಾಯಾಗ್ರಾಹಕರಿಗೂ, ಚಿತ್ರ ಆರಿಸುವ ನಿಮ್ಮ ಬಳಗಕ್ಕೂ ತಿಳಿಸಲೆಂದು ಈ ಪತ್ರ.

ಕಪ್ಪೆ ನೀರು ಕುಡಿಯುವುದು ಚರ್ಮದ ಮೂಲಕ, ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ. ನಮ್ಮ ಕೈಯ ಬೆವರಿನ ಉಪ್ಪು, ಸೋಪಿನ ಅಂಶ, ಸೊಳ್ಳೆಗೆಂದೋ ಉಂಬಳಕ್ಕೆಂದೋ ಹಚ್ಚಿಕೊಂಡ ಮುಲಾಮು ಎಲ್ಲವೂ ಅದೇ ದಾರಿಯಲ್ಲಿ ಒಳಹೋಗಬಲ್ಲವು. ಕೈಟ್ರಿಡ್ ಎಂಬ ಶಿಲೀಂಧ್ರ ಹಲವು ದೇಶಗಳಲ್ಲಿ ಕಪ್ಪೆಗಳ ಸಂತತಿಯನ್ನೇ ಅಳಿಸಿದೆ. ಅದು ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ದಾಖಲಾಗಿದೆ. ಒಂದು ಹಳ್ಳದಲ್ಲಿ ತೊಯ್ದ ಬೂಟಿನಲ್ಲೇ ಇನ್ನೊಂದು ಹಳ್ಳಕ್ಕೆ ಇಳಿದರೆ ಅದನ್ನು ನಾವೇ ಹೊತ್ತೊಯ್ದಂತಾಗಬಹುದು. ಬೂಟಿನ ಮಣ್ಣು ಉಜ್ಜಿ ತೊಳೆದು, ಪೂರ್ತಿ ಒಣಗಿಸಿ ಹೋಗಬೇಕು. ಮಳೆಗಾಲದಲ್ಲಿ ಒಣಗುವುದು ಕಷ್ಟವಾದ್ದರಿಂದ ಎರಡನೇ ಜೊತೆ ಬೂಟು ಇಟ್ಟುಕೊಳ್ಳುವುದೇ ಸುಲಭ.

ಹೆಚ್ಚು ಹಾನಿಯಾಗುತ್ತಿರುವುದು ಮೊಟ್ಟೆಗಳ ಹತ್ತಿರ. ಮಲಬಾರ್ ಹಾರುಗಪ್ಪೆ ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಗೊದಮೊಟ್ಟೆಗಳು ಅದರಿಂದ ಜಾರಿ ನೇರ ಕೆಳಗಿನ ನೀರಿಗೆ ಬೀಳಬೇಕು. ಕ್ಯಾಮೆರಾದ ಎತ್ತರಕ್ಕೆ ಬರಲೆಂದು ಕೊಂಬೆಯನ್ನು ಬಗ್ಗಿಸಿ ದಾರದಿಂದ ಕಟ್ಟಿ, ಬಿಚ್ಚದೆ ಹೋದರೆ ಗೂಡು ಒಂದೆರಡು ಅಡಿ ಸರಿದಿರುತ್ತದೆ, ಮರಿಗಳು ಒಣ ನೆಲಕ್ಕೆ ಬಿದ್ದು ಸಾಯುತ್ತವೆ. ಹಿನ್ನೆಲೆ ಚೆನ್ನಾಗಿ ಕಾಣಲೆಂದು ಸುತ್ತಲ ಎಲೆಗಳನ್ನು ಕಿತ್ತರೆ ಗೂಡಿಗೆ ಬಿಸಿಲು ಬಡಿದು ನೊರೆ ಒಣಗುತ್ತದೆ. ಪೊದೆಗಪ್ಪೆಗಳಲ್ಲಿ ಹಲವಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಡೆದು ಬರುವುದು ಪುಟಾಣಿ ಕಪ್ಪೆಯೇ. ಆ ಮೊಟ್ಟೆಗಳು ಎಲೆಗಳ ಮೇಲೋ ತರಗೆಲೆಯ ಅಡಿಯಲ್ಲೋ ಇರುತ್ತವೆ. ಚಿತ್ರಕ್ಕೆ ಕೋನ ಹುಡುಕುತ್ತ ಸುತ್ತಮುತ್ತ ತುಳಿದಾಡುವವರಿಗೆ ಅವು ಕಾಣುವುದೇ ಇಲ್ಲ. ಉತ್ತರ ಕನ್ನಡದಲ್ಲಿ ಸಿಗುವ, 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ಹೆಸರಿಸಿದ ಕುಂಬಾರ ಕಪ್ಪೆಯದು ಇನ್ನೂ ಸೂಕ್ಷ್ಮ ಬದುಕು. ಗಂಡು ಹಳ್ಳದ ಕೆಸರನ್ನು ಮುಂಗಾಲುಗಳಿಂದ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಜಗತ್ತಿನಲ್ಲೇ ಅಪರೂಪವಾದ ಈ ನಡವಳಿಕೆಯನ್ನು ನೋಡುವ ಆಸೆ ಸಹಜ. ಆದರೆ ನಾಲ್ಕು ಜನ ಟಾರ್ಚ್ ಹಿಡಿದು ಹಳ್ಳದೊಳಗೆ ನಿಂತರೆ ಅದು ನಡೆಯುವುದೇ ಇಲ್ಲ.

ಈಗ ತೆಗೆಯುವ ಬಗೆಗೆ ಬರೋಣ. ಹೊಸಬರು ಮ್ಯಾಕ್ರೊ ಲೆನ್ಸ್ (ಸಣ್ಣ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಕೊಂಡೊಡನೆ ಕಪ್ಪೆಯ ಮೂತಿಗೆ ತಾಗುವಷ್ಟು ಹತ್ತಿರ ಹೋಗುತ್ತಾರೆ. ಅದು ಹಾರಿಹೋಗುತ್ತದೆ, ಆಗ ಹಿಡಿದು ಕೂರಿಸುವ ಯೋಚನೆ ಹುಟ್ಟುತ್ತದೆ. ಅಷ್ಟು ಹತ್ತಿರ ಹೋಗುವುದರಿಂದ ಚಿತ್ರಕ್ಕೂ ನಷ್ಟವೇ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ, ಲೆನ್ಸಿನ ಕಂಡಿಯನ್ನು ಎಫ್/11ಕ್ಕೆ ಇಟ್ಟು, ಸೆನ್ಸರಿನ ಮೇಲೆ ವಸ್ತು ತನ್ನ ನಿಜಗಾತ್ರಕ್ಕೇ (1:1) ಮೂಡುವಂತೆ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 1.3 ಮಿ.ಮೀ. ಮಾತ್ರ. ಕಣ್ಣು ಸ್ಪಷ್ಟವಾದರೆ ಮೂಗು ಮಸುಕು. ಅರ್ಧಗಾತ್ರಕ್ಕೆ ಇಳಿಸಿದರೆ ಆ ಆಳ ಸುಮಾರು 4 ಮಿ.ಮೀ., ಮೂರನೇ ಒಂದು ಗಾತ್ರಕ್ಕೆ ಇಳಿಸಿದರೆ 8 ಮಿ.ಮೀ. ಹಾಗಾಗಿ ಹಿಂದೆ ಸರಿದು ತೆಗೆದು, ಆಮೇಲೆ ಕತ್ತರಿಸುವುದೇ ಸರಿ. 24 ಮೆಗಾಪಿಕ್ಸೆಲ್ ಚಿತ್ರದ ಅಗಲವನ್ನು ಅರ್ಧಕ್ಕೆ ಕತ್ತರಿಸಿದರೂ 3000 ಪಿಕ್ಸೆಲ್ ಉಳಿಯುತ್ತದೆ, 25 ಸೆಂ.ಮೀ. ಅಗಲದ ಉತ್ತಮ ಮುದ್ರಣಕ್ಕೆ ಅದು ಸಾಕು. ಕಂಡಿಯನ್ನು ಎಫ್/22ಕ್ಕೆ ಕಿರಿದಾಗಿಸಿ ಆಳ ಹೆಚ್ಚಿಸಲು ನೋಡಬೇಡಿ, ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಆಟೊಫೋಕಸ್ ಕತ್ತಲಲ್ಲಿ ತಡಕಾಡುತ್ತದೆ. ಮ್ಯಾನ್ಯುಯಲ್‌ನಲ್ಲಿ ಬೇಕಾದ ಗಾತ್ರ ಹೊಂದಿಸಿಕೊಂಡು, ಮೊಣಕೈಯನ್ನು ಮೊಣಕಾಲಿಗೆ ಊರಿ, ಮೈಯನ್ನೇ ನಿಧಾನ ಮುಂದೆ ತಂದು ಕಣ್ಣು ಸ್ಪಷ್ಟವಾದ ಗಳಿಗೆಗೆ ಒತ್ತಬೇಕು. ಷಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 200ರಿಂದ 400, ಫ್ಲ್ಯಾಶ್ ಮ್ಯಾನ್ಯುಯಲ್‌ನಲ್ಲಿ ಪೂರ್ಣ ಶಕ್ತಿಯ 1/16ರಿಂದ ಶುರು ಮಾಡಿ. ಫ್ಲ್ಯಾಶ್ ಮಿಂಚುವ ಅವಧಿ ಸೆಕೆಂಡಿನ ಸಾವಿರಾರನೇ ಒಂದು ಪಾಲು ಆದ್ದರಿಂದ ಕೈ ನಡುಗಿದರೂ ಚಿತ್ರ ಅಲುಗುವುದಿಲ್ಲ. ಕಪ್ಪೆಯ ಒದ್ದೆ ಚರ್ಮ ಬರಿಯ ಫ್ಲ್ಯಾಶಿಗೆ ಬಿಳಿ ಚುಕ್ಕೆಗಳಾಗಿ ಹೊಳೆದು ಬಣ್ಣವನ್ನೇ ನುಂಗುತ್ತದೆ. ಟಿವಿ, ಮಿಕ್ಸಿ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಎರಡು ಪದರ ಮಾಡಿ, ಲೆನ್ಸಿನ ತುದಿಯ ಮೇಲೆ ಚಪ್ಪರದಂತೆ ಬಾಗಿಸಿ ಕಟ್ಟಿದರೆ ಬೆಳಕು ಹರಡಿ ಮೆದುವಾಗುತ್ತದೆ. ಇಂಥ ಚಿತ್ರಗಳಲ್ಲಿ ಹಿನ್ನೆಲೆ ಕಪ್ಪಾಗುವುದಕ್ಕೆ ಕಾರಣ, ದೂರ ಎರಡರಷ್ಟಾದರೆ ಫ್ಲ್ಯಾಶ್ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುವುದು. ಕಪ್ಪೆಯ ಹಿಂದೆ ಒಂದು ಗೇಣಿನೊಳಗೆ ಎಲೆಯೋ ಕಾಂಡವೋ ಬರುವ ಕೋನದಲ್ಲಿ ನಿಂತರೆ ಹಸಿರು ತಾನಾಗಿ ಮೂಡುತ್ತದೆ. ಕೋನ ಬದಲಿಸಬೇಕಾದವರು ನಾವು, ಕಪ್ಪೆಯಲ್ಲ.

ಫೋಕಸ್ ಮಾಡಲು ಮಂದ ಟಾರ್ಚ್ ಸಾಕು, ಅದನ್ನೂ ನೇರ ಕಣ್ಣಿಗೆ ಹಿಡಿಯಬಾರದು. ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಸರಿಹೋಗಲು ಹೊತ್ತು ಹಿಡಿಯುತ್ತದೆ. ಕೂಗುತ್ತಿದ್ದ ಗಂಡು ಸುಮ್ಮನಾದರೆ ಬೆಳಕು ಆರಿಸಿ ಕಾಯಬೇಕು, ಐದಾರು ಚಿತ್ರಗಳಾದ ಮೇಲೆ ಅಲ್ಲಿಂದ ಹೊರಡಬೇಕು. ಆ ಸೀಸನ್ನಿನ ಕೂಗು ಅದಕ್ಕೆ ಸಂಗಾತಿ ಸಿಗುವ ದಾರಿ.

ಹಾವಿನ ವಿಷಯದಲ್ಲಿ ಮುಟ್ಟದಿರುವುದು ನಮ್ಮ ಜೀವಕ್ಕೂ ಒಳ್ಳೆಯದು. ಮಲಬಾರ್ ಗುಳಿಮಂಡಲ ಬೇಟೆಗಾಗಿ ಒಂದೇ ಜಾಗದಲ್ಲಿ ದಿನಗಟ್ಟಲೆ ಕಾಯುತ್ತದೆ. ಕೊಕ್ಕೆಯಿಂದ ಎತ್ತಿ ಪಾಚಿಗಟ್ಟಿದ ಕೊಂಬೆಗೆ ಇಟ್ಟರೆ ಅದರ ಕಾಯುವಿಕೆಯೆಲ್ಲ ಹಾಳು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆ ಮಾಡಿದ್ದು, ಗುಳಿಮಂಡಲಕ್ಕಲ್ಲ. 100 ಮಿ.ಮೀ. ಮ್ಯಾಕ್ರೊದಲ್ಲಿ 1:1ಕ್ಕೆ ಹೋದರೆ ಲೆನ್ಸಿನ ತುದಿಗೂ ಹಾವಿಗೂ ಒಂದು ಗೇಣೂ ಇರುವುದಿಲ್ಲ. 70-300 ಜೂಮಿನಲ್ಲಿ ನಾಲ್ಕೈದು ಅಡಿ ದೂರದಿಂದ ತೆಗೆಯಿರಿ.

ಇನ್ನು ಪತ್ರಿಕೆಗೆ ನನ್ನ ಕೋರಿಕೆ. ಸ್ಪರ್ಧೆಯ ನಿಯಮಗಳಲ್ಲಿ "ಪ್ರಾಣಿಯನ್ನು ಹಿಡಿದ, ಜಾಗ ಬದಲಿಸಿದ, ಅಲುಗದಿರಲೆಂದು ತಂಪುಪೆಟ್ಟಿಗೆಯಲ್ಲಿಟ್ಟ, ನೀರು ಚಿಮುಕಿಸಿದ ಚಿತ್ರಗಳಿಗೆ ಅವಕಾಶವಿಲ್ಲ" ಎಂದು ಒಂದು ಸಾಲು ಸೇರಿಸಿ. ಆಯ್ಕೆಯಾದ ಚಿತ್ರದ ಮೂಲ ರಾ ಫೈಲನ್ನೂ (ಕ್ಯಾಮೆರಾ ದಾಖಲಿಸಿದ, ತಿದ್ದದ ಕಡತ) ಅದರ ಹಿಂದುಮುಂದಿನ ಮೂರ್ನಾಲ್ಕು ಫ್ರೇಮುಗಳನ್ನೂ ಕೇಳಿ. ಒಂದೇ ಕಪ್ಪೆ ಐದು ನಿಮಿಷದಲ್ಲಿ ಮೂರು ಬೇರೆ ಎಲೆಗಳ ಮೇಲೆ ಕಂಡರೆ ವಿಷಯ ಗೊತ್ತಾಗುತ್ತದೆ. ಅಡಿಬರಹದಲ್ಲಿ ತಾಲ್ಲೂಕಿನ ಹೆಸರು ಸಾಕು, ಹಳ್ಳದ ಹೆಸರು ಬೇಡ. ಅಂತರ್ಜಾಲ ಆವೃತ್ತಿಗೆ ಹಾಕುವಾಗ ಫೈಲಿನೊಳಗಿನ ಜಿಪಿಎಸ್ ಮಾಹಿತಿಯನ್ನೂ ಅಳಿಸಿ. ಬರುವ ಮುಂಗಾರಿನ ಸ್ಪರ್ಧೆಯ ಪ್ರಕಟಣೆಯಲ್ಲೇ ಇವು ಬಂದರೆ ಕ್ಯಾಮೆರಾ ಹೊತ್ತು ಕಾಡಿಗೆ ಹೊರಡುವವರಿಗೆ ಮೊದಲೇ ತಿಳಿದಿರುತ್ತದೆ.

ಇಂತಿ,
ಓರ್ವ ಛಾಯಾಗ್ರಾಹಕ, ತೀರ್ಥಹಳ್ಳಿ