ಹಾಸು ನೋಡು, ಹೊಕ್ಕು ನೋಡು, ಆಮೇಲೆ ಸೂಜಿ ಹಿಡಿ

ಧಾರವಾಡ

ಚಿರಂಜೀವಿ ಮಗಳಿಗೆ ಅವ್ವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ.

ನೀನು ಕಳುಹಿಸಿದ ಮೂರು ಫೋಟೋಗಳನ್ನು ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿಕೊಂಡು ನೋಡಿದೆ. ಗೇಟಿನ ಕೊಕ್ಕೆಗೆ ಸಿಕ್ಕಿ ಹರಿದ ಖಾದಿ ಕುರ್ತಾ, ಮೊಣಕಾಲಿನಲ್ಲಿ ಸವೆದ ಜೀನ್ಸ್, ಹೆಗಲಿನ ಪಿನ್ನು ಜಗ್ಗಿ ಪಿಸಿದ ನಿನ್ನ ಅಜ್ಜಿಯ ಇಳಕಲ್ ಸೀರೆ. ನಿಮ್ಮ ಬೀದಿಯ ದರ್ಜಿಯು ಮೂರಕ್ಕೂ ಹಿಂಬದಿಯಿಂದ ಇಸ್ತ್ರಿಗೆ ಅಂಟುವ ಬಕ್ರಂ ಎಂಬ ಗಟ್ಟಿ ಬಟ್ಟೆ ಕೊಟ್ಟು ಮೇಲೆ ಮಷೀನು ಓಡಿಸಿಕೊಡುತ್ತೇನೆ ಎಂದಿದ್ದಾನೆಂದೂ, ಕೊಡಲೋ ಬೇಡವೋ ಎಂದೂ ಕೇಳಿದ್ದೀಯೆ. ಕೊಡಬೇಡ. ಆತನಿಗೆ ಕೆಲಸ ಬರುವುದಿಲ್ಲ ಎಂದಲ್ಲ. ಹೊಸ ಬಟ್ಟೆ ಹೊಲಿಯುವುದೇ ಕೈತುಂಬ ಇರುವಾಗ ಹಳೆಯದರ ಎಳೆ ಎಣಿಸುತ್ತ ಕೂರುವುದು ಅವನಿಗೆ ಗಿಟ್ಟುವುದಿಲ್ಲ. ಆದರೆ ಈ ಮೂರು ಬಟ್ಟೆಗಳು ಮೂರು ಬೇರೆ ಕಾರಣಗಳಿಂದ, ಮೂರು ಬೇರೆ ರೀತಿಗಳಲ್ಲಿ ಹರಿದಿವೆ. ಮೂರಕ್ಕೂ ಒಂದೇ ಮದ್ದು ಹಾಕಿದರೆ ಎರಡಾದರೂ ಕೆಡುವುದು ಖಂಡಿತ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ‘ಆಯ್ತವ್ವಾ’ ಎನ್ನುತ್ತೀಯೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಸೂಜಿ ಹುಡುಕಬೇಡ, ಬೆಳಕು ಹುಡುಕು. ಹರಿದ ಜಾಗವನ್ನು ಕಿಟಕಿಗೆ ಎದುರಾಗಿ ಹಿಡಿದು ನೋಡಿದರೆ ಯಾವ ಎಳೆ ತುಂಡಾಗಿದೆ, ಯಾವುದು ಉಳಿದಿದೆ, ರಂಧ್ರದ ಸುತ್ತ ಎಷ್ಟು ದೂರದವರೆಗೆ ಬಟ್ಟೆ ಜಾಳಾಗಿದೆ ಎಂಬುದು ಕಾಣುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅದರ ನಡುವೆ ಅಡ್ಡಕ್ಕೆ ಓಡಿಸಿದ ಎಳೆ ಹೊಕ್ಕು. ಕುರ್ತಾದಲ್ಲಿ ಸಾಮಾನ್ಯವಾಗಿ ಹೆಗಲಿನಿಂದ ಕೆಳಗೆ ಇಳಿಯುವುದು ಹಾಸು. ಹರಿದ ಬಟ್ಟೆಯನ್ನು ಸರಿಪಡಿಸುವುದೆಂದರೆ ತುಂಡಾದ ಎಳೆಯ ಜಾಗದಲ್ಲಿ ಇನ್ನೊಂದು ಎಳೆಯನ್ನು ಅದೇ ದಿಕ್ಕಿನಲ್ಲಿ ಕೂರಿಸುವುದು. ಉಳಿದದ್ದೆಲ್ಲವೂ ಇದರ ವಿವರಗಳೇ.

ಕುರ್ತಾದಿಂದ ಆರಂಭಿಸು, ಏಕೆಂದರೆ ಖಾದಿಯಷ್ಟು ಕ್ಷಮಿಸುವ ಬಟ್ಟೆ ಇನ್ನೊಂದಿಲ್ಲ. ಕೈಯಿಂದ ನೂತ ನೂಲಿನಲ್ಲಿ ದಪ್ಪ ತೆಳು ಇದ್ದೇ ಇರುವುದರಿಂದ, ನಿನ್ನ ಹೊಲಿಗೆಯ ಏರುಪೇರು ಅದರಲ್ಲಿ ಬೆರೆತುಹೋಗುತ್ತದೆ. ಮಿಲ್ಲಿನ ನಯವಾದ ಪಾಪ್ಲಿನ್‌ನಲ್ಲಾದರೆ ಅದೇ ಏರುಪೇರು ದೂರದಿಂದಲೇ ಕಾಣುತ್ತದೆ. ಕೊಕ್ಕೆಗೆ ಸಿಕ್ಕ ಬಟ್ಟೆ ಸಾಮಾನ್ಯವಾಗಿ ಮೂಲೆಯಾಕಾರದಲ್ಲಿ ಹರಿಯುತ್ತದೆ: ಒಂದು ಸೀಳಿನಲ್ಲಿ ಹಾಸು ಕಡಿದಿರುತ್ತದೆ, ಇನ್ನೊಂದರಲ್ಲಿ ಹೊಕ್ಕು. ಇದರಲ್ಲಿ ಬಟ್ಟೆ ಕಳೆದುಹೋಗಿಲ್ಲ, ಎಳೆಗಳು ಮಾತ್ರ ತುಂಡಾಗಿವೆ. ಆದ್ದರಿಂದ ತೇಪೆ ಬೇಡ, ರಫೂ ಸಾಕು, ಅಂದರೆ ಸೂಜಿಯಿಂದಲೇ ಎಳೆಗಳನ್ನು ನೇಯ್ದಂತೆ ಹಾಯಿಸುವುದು. ಸೀಳಿನ ಅಂಚಿನಲ್ಲಿ ನೇತಾಡುವ ಎಳೆಗಳನ್ನು ಕತ್ತರಿಸುವ ಚಪಲ ಎಲ್ಲರಿಗೂ ಬರುತ್ತದೆ. ಕತ್ತರಿಸಬೇಡ, ಅವೇ ನಿನ್ನ ಆಧಾರ. ಕುರ್ತಾವನ್ನು ಒಗೆದು, ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿ, ಅಂಚುಗಳು ಒಂದರ ಮೇಲೊಂದು ಏರದಂತೆ ಪಕ್ಕಪಕ್ಕಕ್ಕೆ ಕೂಡಿಸು. ಒಮ್ಮೆ ಈ ಅಂಚಿನ ಕೆಳಗಿನಿಂದ, ಒಮ್ಮೆ ಆ ಅಂಚಿನ ಕೆಳಗಿನಿಂದ ಸೂಜಿಯನ್ನು ಮೇಲಕ್ಕೆ ತರುತ್ತ, ಬಿಗಿಯದೆ, ಸಡಿಲವಾಗಿ ಎರಡನ್ನೂ ಹಿಡಿದಿಡು. ಬಳಿಕ ಮೂಲೆಯಿಂದ ರಫೂ ಆರಂಭಿಸು, ಏಕೆಂದರೆ ಎರಡೂ ಸೀಳುಗಳ ಜಗ್ಗಾಟ ಬೀಳುವುದು ಅಲ್ಲಿಯೇ.

ರಫೂ ನಿನಗೆ ಹೊಸತೇನಲ್ಲ. ಶಾಲೆಯಲ್ಲಿದ್ದಾಗ ನೀನು ಕಲಿತ ಕಸೂತಿಯಲ್ಲಿ ಗವಂತಿ, ಮುರ್ಗಿ, ಮೆಂಥೆಗಳ ಜೊತೆಗೆ ನೇಗಿ ಎಂಬ ಹೊಲಿಗೆಯಿದೆಯಲ್ಲ, ನೇಯ್ದಂತೆಯೇ ಕಾಣುವಂಥದ್ದು, ಅದರಲ್ಲಿ ಸೂಜಿ ಎಳೆಗಳನ್ನು ಎಣಿಸುತ್ತ ಒಂದರ ಮೇಲೆ, ಒಂದರ ಕೆಳಗೆ ಹೋದಂತೆ ಇಲ್ಲಿಯೂ ಹೋಗಬೇಕು. ಕಸೂತಿಯಲ್ಲಿ ಹೇಗೆ ಗಂಟು ಹಾಕುವುದಿಲ್ಲವೋ ಹಾಗೆ ಇಲ್ಲಿಯೂ ಗಂಟು ಕೂಡದು. ದಾರದ ಬಾಲವನ್ನು ಅರ್ಧ ಬೆರಳಿನಷ್ಟು ಒಳಗೆ ಬಿಟ್ಟರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಅದು ಬಟ್ಟೆಯಲ್ಲಿ ಕಚ್ಚಿಕೊಳ್ಳುತ್ತದೆ, ಗಂಟಾದರೆ ಮೈಗೆ ಚುಚ್ಚುತ್ತದೆ. ಮೊದಲು ತುಂಡಾದ ಎಳೆಗಳ ದಿಕ್ಕಿನಲ್ಲಿ, ಅಂದರೆ ಸೀಳಿಗೆ ಅಡ್ಡಲಾಗಿ, ಸೀಳಿನ ಎರಡೂ ಬದಿಗೆ ಸುಮಾರು ಒಂದು ಸೆಂಟಿಮೀಟರ್ ಗಟ್ಟಿ ಬಟ್ಟೆಯೊಳಗೆ ಹೋಗಿಬಾ. ಪ್ರತಿಯೊಂದು ಸಾಲೂ ಒಂದೇ ಗೆರೆಯಲ್ಲಿ ನಿಲ್ಲದಂತೆ, ಒಂದು ಸಾಲು ಉದ್ದ, ಇನ್ನೊಂದು ಗಿಡ್ಡವಾಗಿರಲಿ. ಎಲ್ಲ ಸಾಲುಗಳೂ ಒಂದೇ ನೇರದಲ್ಲಿ ತಿರುಗಿದರೆ ನಾಳೆ ಆ ನೇರದಲ್ಲಿಯೇ ಬಟ್ಟೆ ಮತ್ತೆ ಹರಿಯುತ್ತದೆ. ತಿರುಗುವಲ್ಲಿ ದಾರವನ್ನು ಪೂರ್ತಿ ಎಳೆಯದೆ ಸಾಸಿವೆಯಷ್ಟು ಕುಣಿಕೆ ಬಿಡು. ಹೊಸ ದಾರವು ಒಗೆದಾಗ ತುಸು ಕುಗ್ಗುತ್ತದೆ, ಆ ಕುಗ್ಗುವಿಕೆಗೆ ಈ ಕುಣಿಕೆ ಬೇಕು. ಇದನ್ನು ಬಿಡದೆ ಮಾಡಿದ ರಫೂ ಮೊದಲ ಒಗೆತಕ್ಕೇ ಮುದುಡಿ ಕೂರುತ್ತದೆ, ಆಗ ಎಷ್ಟು ಇಸ್ತ್ರಿ ಮಾಡಿದರೂ ಸರಿಹೋಗದು. ಸೀಳಿನ ಬಾಯಿ ಎಲ್ಲಿಯಾದರೂ ತೆರೆದುಕೊಂಡಿದ್ದರೆ ಅಲ್ಲಿ ಮಾತ್ರ ಇನ್ನೊಂದು ದಿಕ್ಕಿನಿಂದಲೂ ಹೊಕ್ಕು ಹಾಕಿದಂತೆ ಎಳೆಗಳನ್ನು ಹಾಯಿಸಬೇಕು. ಕೆಲಸ ಮಾಡುವಾಗ ಬಟ್ಟೆಯ ಕೆಳಗೆ ನಯವಾಗಿ ಉಜ್ಜಿದ ಕರಟವನ್ನೋ, ಬೋರಲು ಹಾಕಿದ ಸಣ್ಣ ಬಟ್ಟಲನ್ನೋ ಇಟ್ಟುಕೋ, ಆಗ ಬಟ್ಟೆ ಸಮವಾಗಿರುತ್ತದೆ, ಹಿಂದಿನ ಪದರು ಸೇರಿಸಿ ಹೊಲಿದುಬಿಡುವ ಭಯವೂ ಇರುವುದಿಲ್ಲ.

ದಾರದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಇದರಲ್ಲಿಯೇ. ಗಟ್ಟಿ ದಾರ ಒಳ್ಳೆಯ ದಾರ ಎಂಬ ನಂಬಿಕೆ ಹರಿದ ಬಟ್ಟೆಯ ಮಟ್ಟಿಗೆ ನಿಜವಲ್ಲ. ಸವೆದ ಹತ್ತಿಬಟ್ಟೆಗೆ ಪಾಲಿಯೆಸ್ಟರ್ ದಾರ ಹಾಕಿದರೆ ದಾರ ಕಡಿಯುವುದಿಲ್ಲ, ಅದರ ಸುತ್ತಲಿನ ಬಟ್ಟೆಯೇ ಕೊಯ್ದುಹೋಗುತ್ತದೆ. ಮೊದಲಿದ್ದ ಒಂದು ರಂಧ್ರದ ಬದಲು ಹೊಲಿಗೆಯ ಉದ್ದಕ್ಕೂ ರಂಧ್ರಗಳಾಗುತ್ತವೆ. ದುರಸ್ತಿ ಯಾವಾಗಲೂ ಬಟ್ಟೆಗಿಂತ ತುಸು ಮೆತ್ತಗಿರಬೇಕು, ಮುಂದೆ ಏನಾದರೂ ಕಡಿಯಬೇಕಾದರೆ ನಿನ್ನ ದಾರ ಕಡಿಯಲಿ, ಅದನ್ನು ಮತ್ತೆ ಹಾಕಬಹುದು. ಖಾದಿಗೆ ಅತ್ಯುತ್ತಮವಾದ ದಾರ ಅದರದೇ ದಾರ: ಕುರ್ತಾದ ಒಳಗೆ, ಪಕ್ಕದ ಹೊಲಿಗೆಯ ಆಚೆ ಉಳಿಸಿರುವ ಬಟ್ಟೆಯಿಂದ ಒಂದೊಂದೇ ಎಳೆ ಬಿಡಿಸಿಕೋ. ಬಣ್ಣವೂ ದಪ್ಪವೂ ತಾನಾಗಿ ಹೊಂದುತ್ತವೆ. ಮೊಳದುದ್ದಕ್ಕಿಂತ ಹೆಚ್ಚಿನ ದಾರ ಪೋಣಿಸಬೇಡ, ಬಟ್ಟೆಯೊಳಗೆ ಹಾಯ್ದು ಹಾಯ್ದು ಕೊನೆಯ ಗೇಣು ನಾರುನಾರಾಗಿರುತ್ತದೆ. ಸೂಜಿ ಕೊಳ್ಳುವಾಗ ಕೈಸೂಜಿಯ ನಂಬರು ಹೆಚ್ಚಿದಷ್ಟೂ ಸೂಜಿ ತೆಳುವಾಗಿರುತ್ತದೆ, ಮಷೀನಿನ ಸೂಜಿಯದು ಇದಕ್ಕೆ ತದ್ವಿರುದ್ಧ ಎಂಬುದು ನೆನಪಿರಲಿ. ಹೀಗೇಕೆ ಮಾಡಿಟ್ಟರೋ, ಹೊಲಿಗೆ ಕಲಿಸುತ್ತಿದ್ದಷ್ಟು ವರ್ಷವೂ ಹುಡುಗಿಯರು ನನ್ನನ್ನು ಇದನ್ನೇ ಕೇಳುತ್ತಿದ್ದರು. ಕುರ್ತಾಕ್ಕೆ 9 ಅಥವಾ 10ನೆಯ ನಂಬರಿನ ಸೂಜಿ ಸರಿಹೋಗುತ್ತದೆ.

ಇನ್ನು ಜೀನ್ಸ್. ಅದರ ಮೊಣಕಾಲಿನ ಮೇಲೆ ಬಿಳಿಯ ಎಳೆಗಳು ಅಡ್ಡಡ್ಡ ಉಳಿದಿರುವುದನ್ನು ನೋಡಿದೆಯಾ? ಜೀನ್ಸ್ ಬಟ್ಟೆಯಲ್ಲಿ ಹಾಸಿನ ಎಳೆಗೆ ಮಾತ್ರ ನೀಲಿ ಹಾಕುತ್ತಾರೆ, ಹೊಕ್ಕು ಬಿಳಿಯದೇ ಇರುತ್ತದೆ. ನೇಯ್ಗೆ ಓರೆಗೆರೆಯದಾದ್ದರಿಂದ ಮೇಲ್ಮೈಯಲ್ಲಿ ಹಾಸೇ ಹೆಚ್ಚು ಕಾಣುತ್ತದೆ, ಆದ್ದರಿಂದಲೇ ಉಜ್ಜಾಟಕ್ಕೆ ಮೊದಲು ಸವೆದು ಹೋಗುವುದೂ ಅದೇ. ನಿನ್ನ ಪ್ಯಾಂಟಿನಲ್ಲಿ ಹೊಕ್ಕು ಇನ್ನೂ ಇದೆ, ಹೋಗಿರುವುದು ಹಾಸು. ಅಂದರೆ ಮೇಲಿನಿಂದ ಕೆಳಕ್ಕೆ ಮಾತ್ರ ಎಳೆ ತುಂಬಿದರೆ ಸಾಕು, ಅರ್ಧ ಕೆಲಸ ಉಳಿಯಿತು. ಆ ಬಿಳಿ ಎಳೆಗಳನ್ನು ಕತ್ತರಿಸಿ ‘ನೀಟು’ ಮಾಡಿಬಿಡಬೇಡ.

ಆದರೆ ಮೊಣಕಾಲು ದಿನವೂ ಬಾಗುವ ಜಾಗವಾದ್ದರಿಂದ ಬರೀ ರಫೂ ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ, ಒಳಗಿನಿಂದ ತೇಪೆಯೂ ಬೇಕು. ತೇಪೆಗೆ ಹೊಸ ಜೀನ್ಸ್ ಬಟ್ಟೆ ತರಬೇಡ. ಹೊಸತು ಗಟ್ಟಿಯಾಗಿ ನಿಂತು ಸುತ್ತಲಿನ ಹಳೆಯದನ್ನು ಹರಿಯುತ್ತದೆ, ಒಗೆದಾಗ ತಾನೊಂದೇ ಕುಗ್ಗುತ್ತದೆ. ಎಷ್ಟೋ ಸಲ ಒಗೆದ ಹಳೆಯ ಪ್ಯಾಂಟಿನ ಕಾಲಿನ ಹಿಂಬದಿಯ ಬಟ್ಟೆ ಸಿಕ್ಕರೆ ಒಳ್ಳೆಯದು. ತೇಪೆಯ ಹಾಸು ಪ್ಯಾಂಟಿನ ಹಾಸಿನ ದಿಕ್ಕಿನಲ್ಲಿಯೇ ಇರಲಿ, ಇಲ್ಲದಿದ್ದರೆ ಎರಡೂ ಬೇರೆ ಬೇರೆ ಕಡೆಗೆ ಜಗ್ಗುತ್ತವೆ. ಮೂಲೆಗಳನ್ನು ದುಂಡಗೆ ಕತ್ತರಿಸು, ಚೂಪಾದ ಮೂಲೆ ಏಳುತ್ತದೆ. ಅಂಚನ್ನಷ್ಟೇ ಸುತ್ತ ಹೊಲಿದು ಬಿಟ್ಟರೆ ಭಾರವೆಲ್ಲ ಆ ಒಂದು ಗೆರೆಯ ಮೇಲೆ ಬೀಳುವುದರಿಂದ ಆ ಗೆರೆ ಮೊದಲು ಹೋಗುತ್ತದೆ. ಕೌದಿ ಹೊಲಿಯುವ ನಮ್ಮ ಕಡೆಯ ಹೆಂಗಸರಿಗೆ ಇದು ಗೊತ್ತಿತ್ತು: ಹಳೆಯ ಸೀರೆಗಳ ಪದರುಗಳನ್ನು ಅವರು ಅಂಚಿಗೆ ಮಾತ್ರ ಹಿಡಿಸದೆ ಮೈತುಂಬ ಸಾಲುಸಾಲಾಗಿ ಸಣ್ಣ ಹೊಲಿಗೆ ಹಾಕುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಸಮುದಾಯದ ಹೆಂಗಸರ ಕೌದಿಯಲ್ಲಂತೂ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಪುಟ್ಟ ‘ಫುಲ’ಗಳನ್ನು ಇಡದೆ ಅವರು ಕೆಲಸ ಮುಗಿಯಿತೆನ್ನುವುದಿಲ್ಲ. ನೀನು ಫುಲ ಇಡದಿದ್ದರೂ ತೇಪೆಯ ಮೇಲೆಲ್ಲ ಅದೇ ರೀತಿ ಸಾಲುಗಳನ್ನು ಓಡಿಸು, ಮೊಣಕಾಲು ಬಾಗಿದಾಗ ಬಟ್ಟೆ ಒಟ್ಟಾಗಿ ಬಾಗುತ್ತದೆ. ಬಿಳಿ ದಾರವೋ ಕೆಂಪು ದಾರವೋ ಎದ್ದು ಕಾಣುವಂತೆ ಹಾಕುವ ಈಗಿನ ಫ್ಯಾಷನ್ ನಿನಗೆ ಇಷ್ಟವಾದರೆ ಹಾಕು. ಅಂಗಡಿಯಲ್ಲಿ ಹರಿದದ್ದನ್ನೇ ಹೆಚ್ಚಿನ ದುಡ್ಡಿಗೆ ಮಾರುವ ಕಾಲದಲ್ಲಿ ಹೊಲಿದದ್ದು ಕಂಡರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ಅಂದಹಾಗೆ, ತೊಡೆಯ ಒಳಭಾಗದಲ್ಲಿ ಬಟ್ಟೆ ತೆಳುವಾಗಿದೆಯೇ ಎಂದು ಈಗಲೇ ಬೆಳಕಿಗೆ ಹಿಡಿದು ನೋಡು. ತೆಳುವಾದಾಗಲೇ ಹಿಂದೆ ಬಟ್ಟೆ ಕೊಟ್ಟರೆ ಅರ್ಧ ಗಂಟೆಯ ಕೆಲಸ, ರಂಧ್ರವಾದ ಮೇಲೆ ಒಂದು ಭಾನುವಾರದ ಕೆಲಸ.

ಟೀ ಶರ್ಟು, ಬನಿಯನ್ನುಗಳ ಬಗ್ಗೆ ನೀನು ಕೇಳಿಲ್ಲ, ಆದರೂ ಒಂದು ಮಾತು. ಅವು ನೇಯ್ದವಲ್ಲ, ಹೆಣೆದವು. ಅವುಗಳಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ, ಇರುವುದು ಕುಣಿಕೆಗಳು. ಒಂದು ಕುಣಿಕೆ ಬಿಟ್ಟರೆ ಅದರ ಮೇಲಿನದು, ಕೆಳಗಿನದು ಬಿಡುತ್ತ ಹೋಗುತ್ತವೆ. ಆದ್ದರಿಂದ ಬಾಯಿ ಬಿಟ್ಟ ಕುಣಿಕೆಗಳನ್ನೆಲ್ಲ ಮೊದಲು ದಾರದಿಂದ ಹಿಡಿದು, ಬಳಿಕ ತುಸು ಸಡಿಲವಾಗಿ ರಂಧ್ರ ಮುಚ್ಚಬೇಕು, ಇಲ್ಲದಿದ್ದರೆ ತೊಡುವಾಗ ಬಟ್ಟೆ ಹಿಗ್ಗುತ್ತದೆ, ಹೊಲಿಗೆ ಹಿಗ್ಗದೆ ಪಟ್ಟನೆ ಹರಿಯುತ್ತದೆ. ಗುಂಡಿ ಹಚ್ಚುವುದು ನಿನಗೆ ಬರುತ್ತದೆ, ಅದನ್ನು ಬರೆಯುವುದಿಲ್ಲ.

ಸೀರೆಯನ್ನು ಮಾತ್ರ ನೀನು ಮುಟ್ಟಬೇಡ ಎನ್ನುತ್ತೇನೆ, ಅದಕ್ಕೆ ಕಾರಣವನ್ನೂ ಹೇಳುತ್ತೇನೆ. ಈ ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ನೇಯುವ ಮೊದಲೇ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸಿಕ್ಕಿಸಿರುತ್ತಾರೆ. ನಮ್ಮವರು ಟೋಪ ತೆನಿ ಎನ್ನುವ ಆ ಕೆಂಪು ಬಿಳಿ ಸೆರಗು ಒಡಲಿಗೆ ಸೇರುವುದು ಹೊಲಿಗೆಯಿಂದಲ್ಲ, ಆ ಕೊಂಡಿಗಳಿಂದ. ಫೋಟೋದಲ್ಲಿ ಕಾಣುವಂತೆ ನಿನ್ನ ಪಿನ್ನು ಜಗ್ಗಿರುವುದು ಆ ಕೊಂಡಿಯ ಸಾಲಿಗೆ ಬಹಳ ಸಮೀಪದಲ್ಲಿ. ಒಂದು ಕಡೆ ಹಳೆಯ ರೇಷ್ಮೆ, ಇನ್ನೊಂದು ಕಡೆ ಅದಕ್ಕಿಂತ ಭಾರವಾದ ಹತ್ತಿ. ಅಲ್ಲಿ ಸೂಜಿಯಿಂದ ಬಿಗಿದು ಕೂಡಿಸಿದರೆ ಪಿಸಿದ ಜಾಗದ ಪಕ್ಕದ ರೇಷ್ಮೆ ಪಿಸಿಯುತ್ತದೆ. ಹಳೆಯ ರೇಷ್ಮೆಗೆ ರಫೂವಿನ ಎಳೆದಾಟವೇ ಹೆಚ್ಚಾಗುತ್ತದೆ. ಅದಕ್ಕೆ ಮಾಡಬೇಕಾದ್ದೆಂದರೆ ಕೆಳಗೆ ಒಗೆದು ಒಗೆದು ಮೆತ್ತಗಾದ ತೆಳು ಮಲ್ಲಿನ ಬಟ್ಟೆಯನ್ನು ಪಿಸಿದ ಜಾಗಕ್ಕಿಂತ ಅಗಲವಾಗಿ, ಒಡಲಿಗೂ ಸೆರಗಿಗೂ ವ್ಯಾಪಿಸುವಂತೆ ಹಾಸಿ, ರೇಷ್ಮೆಯ ಬಿಡಿ ಎಳೆಗಳನ್ನು ಅದರ ಮೇಲೆ ನೇರವಾಗಿ ಮಲಗಿಸಿ, ತೆಳುವಾದ ರೇಷ್ಮೆ ದಾರದಿಂದ ಅಲ್ಲಲ್ಲಿ ಹಿಡಿಸುವುದು. ಇನ್ನು ಮುಂದೆ ಜಗ್ಗಾಟವನ್ನು ತಾಳುವುದು ಮಲ್ಲಿನ ಬಟ್ಟೆ, ಸೆರಗು ಅದರ ಮೇಲೆ ಸುಮ್ಮನೆ ಕುಳಿತಿರುತ್ತದೆ. ಬಕ್ರಮ್ಮಿನ ಅಂಟು ಈ ಸೀರೆಗೆ ಬೇಡವೇ ಬೇಡ. ಒಮ್ಮೆ ಕರಗಿ ಎಳೆಗಳ ನಡುವೆ ಇಳಿದರೆ ಅದನ್ನು ತೆಗೆಯಲು ಬರುವುದಿಲ್ಲ, ಸೆರಗು ರಟ್ಟಿನಂತೆ ನಿಲ್ಲುತ್ತದೆ, ಮಡಿಸಿದಲ್ಲಿ ಮುರಿಯುತ್ತದೆ.

ಆದ್ದರಿಂದ ಗಣೇಶನ ಹಬ್ಬಕ್ಕೆ ಬರುವಾಗ ಸೀರೆಯನ್ನು ತಾ. ಅಲ್ಲಿಯವರೆಗೆ ಒಗೆಯಬೇಡ, ಇಸ್ತ್ರಿ ಮಾಡಬೇಡ, ಹ್ಯಾಂಗರಿಗೆ ತೂಗುಹಾಕಬೇಡ. ಹರಿದ ಭಾಗ ಮಡಿಕೆಯ ಗೆರೆಯ ಮೇಲೆ ಬಾರದಂತೆ ಸಡಿಲವಾಗಿ ಸುತ್ತಿ ಹಳೆಯ ಹತ್ತಿ ಬಟ್ಟೆಯಲ್ಲಿ ಕಟ್ಟಿಡು, ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡ. ಪಿಸಿದ ಜಾಗದ ಕೆಳಗೆ ಹಾಸಲು ಅಪ್ಪನ ಹಳೆಯ ಪಂಚೆಯೊಂದನ್ನು ನಾನು ತೆಗೆದಿಟ್ಟಿದ್ದೇನೆ. ಮುಂದೆ ಈ ಸೀರೆ ಉಡುವಾಗ ಪಿನ್ನನ್ನು ಸೆರಗಿಗೆ ನೇರವಾಗಿ ಚುಚ್ಚದೆ, ನೆರಿಗೆಗಳ ಮೇಲೆ ಸಣ್ಣ ಬಟ್ಟೆಯ ತುಂಡೊಂದನ್ನು ಇಟ್ಟು, ಅದನ್ನೂ ಸೇರಿಸಿ ಚುಚ್ಚು. ಪಿನ್ನಿನ ಸುರುಳಿಯೊಳಗೆ ಎಳೆ ಸಿಕ್ಕಿಕೊಳ್ಳದಂತೆ ಪಿನ್ನಿಗೆ ಮೊದಲೇ ಒಂದು ಮಣಿ ಪೋಣಿಸಿಕೊಂಡರೆ ಇನ್ನೂ ಒಳ್ಳೆಯದು.

ಕುರ್ತಾದ ಕೆಲಸ ಈ ವಾರ ಆಗಲಿ. ಮುಗಿದ ಮೇಲೆ ಒಳಮೈಯ ಫೋಟೋ ಕಳುಹಿಸು, ಹೊರಮೈಯದು ಬೇಡ. ದಾರ ಎಲ್ಲಿ ಬಿಗಿಯಾಗಿದೆ, ಎಲ್ಲಿ ಕುಣಿಕೆ ಬಿಟ್ಟಿಲ್ಲ ಎಂಬುದು ನನಗೆ ಅಲ್ಲಿಯೇ ತಿಳಿಯುತ್ತದೆ. ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹಾಕುವೆಯಂತೆ, ಗಂಟು ಹಾಕಿರದಿದ್ದರೆ ಬಿಚ್ಚುವುದು ಸುಲಭ.

ಇಂತಿ ನಿನ್ನ
ಅವ್ವ